ಮಾವನ ಕೆನ್ನೆಯೊಳಗಿನ 9 ಮಿಲಿಮೀಟರ್

ಇದು ನಮ್ಮ ಸೋದರಮಾವನ ಕೇಸ್. ಮಾವನ ಹತ್ರ ಕೇಳೇ ಬರೀತಿದೀನಿ, ಹೆಸ್ರು ಊರು ಬೇಡ, ತೀರ್ಥಹಳ್ಳಿ ತಾಲ್ಲೂಕು, ತುಂಗೆ ಆಚೆ ದಡ, ನಾಲ್ಕು ಎಕ್ರೆ ಅಡಿಕೆ ತೋಟ, ವಯಸ್ಸು 58, ಅಷ್ಟು ಸಾಕು. ನಾನು ಡಾಕ್ಟರಲ್ಲ, ಶಂಕರಘಟ್ಟದಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಮುಗ್ಸಿ ಶಿವಮೊಗ್ಗದಲ್ಲಿ ಪಿಯು ಹುಡುಗ್ರಿಗೆ ಪಾಠ ಮಾಡ್ಕೊಂಡಿರೋನು, ಆದ್ರೆ ನಮ್ಮ ಕಡೆ ಮನೇಲಿ ಒಬ್ಬ ಸೈನ್ಸ್ ಓದಿದ್ರೆ ಮುಗೀತು, ರಕ್ತದ ರಿಪೋರ್ಟಿಂದ ಹಿಡ್ದು ಪಂಪ್‌ಸೆಟ್ ಕಾಯಿಲ್ ಸುಟ್ಟಿದ್ದರ ತನಕ ಎಲ್ಲಾ ಅವನ ತಲೆಗೇ. ಹಂಗಾಗಿ ಈ ಫೈಲೂ ನನ್ನ ಹತ್ರ ಬಂತು.

ಮಾವ ಕವಳ ಹಾಕಕ್ಕೆ ಶುರು ಮಾಡಿದ್ದು ಇಪ್ಪತ್ತೆರಡು ಇಪ್ಪತ್ಮೂರನೇ ವಯಸ್ಸಲ್ಲಿ. ದಿನಕ್ಕೆ ಹನ್ನೆರಡಕ್ಕೆ ಕಡ್ಮೆ ಇಲ್ಲ, ಕೊಯ್ಲಿನ ಟೈಮಲ್ಲಿ ರಾತ್ರಿ ಸುಲಿಯೋರ ಜೊತೆ ಕೂತ್ರೆ ಲೆಕ್ಕನೇ ಇಲ್ಲ, ಎಲೆ, ಸುಣ್ಣ, ಅಡಿಕೆ, ಹೊಗೆಸೊಪ್ಪು, ಎಡಗಡೆ ದವಡೆ ಸಂದಿಗೆ ಒತ್ತಿಟ್ಕೊಂಡ್ರೆ ಅರ್ಧ ಗಂಟೆ. ಎಡಗಡೆ ಅನ್ನೋದು ನೆನಪಿಟ್ಕೊಳಿ. ಹೊಗೆಸೊಪ್ಪು ಕೆಟ್ಟದ್ದು ಅಂತ ಎಲ್ರೂ ಒಪ್ತಾರೆ, ಅಡಿಕೆ ವಿಷ್ಯ ಬಂದ್ರೆ ಮಾತ್ರ ನಮ್ಮ ಕಡೆ ಎಲ್ರ ಮುಖ ಬಿಗಿಯಾಗುತ್ತೆ, ಯಾಕಂದ್ರೆ ಮನೆ, ಮದ್ವೆ, ಮಕ್ಕಳ ಕಾಲೇಜು ಫೀಸು ಎಲ್ಲಾ ಆ ಮರದಿಂದಲೇ ಇಳ್ದಿದ್ದು. ಆದ್ರೂ ಇರೋದು ಹೇಳ್ಬೇಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಪ್ರಕಟ ಮಾಡಿದ ವರದಿಯಲ್ಲಿ ಅಡಿಕೆನ, ಹೊಗೆಸೊಪ್ಪು ಸೇರಿಸ್ದೇ ಇದ್ರೂ, ಒಂದನೇ ಗುಂಪಿಗೆ ಹಾಕಿದೆ, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಸಾಕ್ಷಿ ಸಾಕಷ್ಟಿರೋ ಗುಂಪು. ನಾನು ಇದನ್ನ ಮಾವನ ಜಗಲಿ ಮೇಲೆ ಕೂತು ಹೇಳಿದ್ದಕ್ಕೆ "ನೀ ತಿಂದ ಅನ್ನ ಯಾವ್ದು ಮಾರಾಯ" ಅಂದಿದ್ರು. ಅದೂ ಸರಿನೇ, ಏನು ಉತ್ರ ಕೊಡೋದು.

ಕಾಯಿಲೆ ಒಂದೇ ದಿನ ಬಂದಿದ್ದಲ್ಲ. ಮೂರ್ನಾಲ್ಕು ವರ್ಷದಿಂದ ಖಾರ ತಿಂದ್ರೆ ಬಾಯಿ ಉರಿ ಅಂತಿದ್ರು, ಬಾಯಿ ಪೂರ್ತಿ ತೆಗೆಯಕ್ಕಾಗ್ತಿರ್ಲಿಲ್ಲ. ಮೂರು ಬೆರಳು ಒಂದರ ಮೇಲೊಂದು ನಿಲ್ಸಿ ಬಾಯೊಳಗೆ ಹೋಗುತ್ತಾ ನೋಡ್ಕೊಳಿ, ಅದು ಸರಳ ಪರೀಕ್ಷೆ. ಮಾವಂಗೆ ಎರಡು ಬೆರಳು ಕಷ್ಟದಲ್ಲಿ ಹೋಗ್ತಿತ್ತು. ಅಡಿಕೆ ರಸಕ್ಕೆ ಕೆನ್ನೆ ಒಳಗಿನ ಪದರ ನಾರುನಾರಾಗಿ ಬಿಗಿದುಕೊಳ್ಳೋ ಕಾಯಿಲೆ ಅದು, ಮುಂದೆ ಕ್ಯಾನ್ಸರ್‌ಗೆ ತಿರುಗೋ ಸಾಧ್ಯತೆ ಇರೋದು. ಯಾರೂ ಹೇಳಿರ್ಲಿಲ್ಲ, ಹೇಳಿದ್ರೂ ಕೇಳ್ತಿರ್ಲಿಲ್ಲ. ದೀಪಾವಳಿ ಹೊತ್ತಿಗೆ ಎಡಗೆನ್ನೆ ಒಳಗೆ ಹುಣ್ಣು. "ಹಲ್ಲು ತಾಗಿ ಆಗಿದ್ದು, ಕೊಯ್ಲು ಮುಗೀಲಿ ನೋಡಣ" ಅಂದ್ರು. ಕೊಯ್ಲು ಮುಗ್ದು, ಬೇಯ್ಸಿ, ಒಣಗ್ಸಿ, ರಾಶಿ ಅಡಿಕೆ ಮೂಟೆ ಕಟ್ಟೋ ಹೊತ್ತಿಗೆ ಜನವರಿ ಮುಗೀತಾ ಬಂದಿತ್ತು. ಹಲ್ಲಿನ ಡಾಕ್ಟ್ರು ಬಾಯಿ ನೋಡಿ ಹಲ್ಲು ಮುಟ್ಟಲೇ ಇಲ್ಲ, ನೇರ ಶಿವಮೊಗ್ಗಕ್ಕೆ ಬಯಾಪ್ಸಿಗೆ ಕಳ್ಸಿದ್ರು. ರಿಪೋರ್ಟ್ ಬಂತು, ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದ್ರೆ ಬಾಯೊಳಗಿನ ಮೇಲ್ಪದರದಲ್ಲಿ ಹುಟ್ಟೋ ಕ್ಯಾನ್ಸರ್. ಆವಾಗ ಹುಣ್ಣಿನ ಅಳತೆ ಸುಮಾರು 2 ಸೆಂಟಿಮೀಟರ್. ಕುತ್ತಿಗೇಲಿ ಕೈಗೆ ಸಿಗೋ ಗಂಟು ಇರ್ಲಿಲ್ಲ.

ಇಲ್ಲಿಂದ ಏಳು ವಾರ ಹೋಯ್ತು. ಈ ಬರಹದ ನಿಜವಾದ ವಿಷ್ಯ ಆ ಏಳು ವಾರ.

ಮೊದ್ಲ ಮೂರು ವಾರ ನಾಟಿ ಔಷಧಿ. ಬೆಳಗಿನ ಜಾವ ಎದ್ದು ಹೋಗಿ, ಕ್ಯೂ ನಿಂತು, ತೊಗಟೆ ತಂದು, ಕಷಾಯ ಕಾಯ್ಸಿ ಕುಡಿಯೋದು. ಇದ್ರ ಬಗ್ಗೆ ಜಾಸ್ತಿ ಬರೆಯಲ್ಲ, ಬರೆದ್ರೆ ಜಗಳ. ಆಮೇಲೆ ಬಂತು ವಿಡಿಯೋ. ಮಾವನ ಮಗಳಿಗೆ ಅವಳ ಆಫೀಸಿನ ಗ್ರೂಪಲ್ಲಿ ಬಂದಿದ್ದು, ಅವಳು ಫ್ಯಾಮಿಲಿ ಗ್ರೂಪಿಗೆ ಹಾಕಿದ್ಲು, ಒಂದು ಗಂಟೇಲಿ ಅತ್ತೆ ಅದನ್ನ ಹತ್ತು ಸಲ ನೋಡಿದ್ರು. ಅನಿಮೇಷನ್ನು, ರಕ್ತನಾಳದಲ್ಲಿ ಚಿನ್ನದ ಗುಂಡುಗಳು ತೇಲ್ಕೊಂಡು ಹೋಗ್ತವೆ, ಕ್ಯಾನ್ಸರ್ ಜೀವಕೋಶಕ್ಕೆ ಮಾತ್ರ ಅಂಟ್ಕೋತವೆ, ಹೊರಗಿಂದ ಕೆಂಪು ಲೇಸರ್ ಬಿಟ್ ಕೂಡ್ಲೇ ಗಡ್ಡೆ ಪುಡಿಪುಡಿ, ಪಕ್ಕದ ಒಳ್ಳೇ ಜೀವಕೋಶ ನಗ್ತಾ ನಿಂತಿರುತ್ತೆ. ಕತ್ತಿ ಇಲ್ಲ, ಕೀಮೋ ಇಲ್ಲ, ಕೂದ್ಲು ಉದ್ರಲ್ಲ, ಒಂದೇ ದಿನದಲ್ಲಿ ಮನೆಗೆ. ಕೊನೇಲಿ ಒಂದು ಫೋನ್ ನಂಬರ್.

ಅತ್ತೆ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು, "ಇದು ಸುಳ್ಳೇನಾ?" ನಾನು ತಕ್ಷಣ ಸುಳ್ಳು ಅಂದಿದ್ರೆ ಕೆಲ್ಸ ಸುಲಭ ಇತ್ತು. ಆದ್ರೆ ಸುಳ್ಳಲ್ಲ, ಅದೇ ಕಷ್ಟ. ಪೂರ್ತಿ ಸುಳ್ಳು ಆದ್ರೆ ಡಿಲೀಟ್ ಮಾಡಿ ಅನ್ನಬೋದು. ಇದ್ರಲ್ಲಿ ಮುಕ್ಕಾಲು ಪಾಲು ನಿಜ ಇತ್ತು, ಬರೀ ಅಳತೆ ಬಿಟ್ಟಿದ್ರು.

ನಿಜ ಇರೋದು ಏನು ಅಂತ ಹೇಳ್ತೀನಿ. ಬೆಳಕಿಂದ ಜೀವಕೋಶ ಸಾಯ್ಸೋದು ನಿನ್ನೆ ಮೊನ್ನೆಯದ್ದಲ್ಲ. ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಅನ್ನೋ ಮೆಡಿಕಲ್ ವಿದ್ಯಾರ್ಥಿ, ಟಾಪೈನರ್ ಅನ್ನೋ ಪ್ರೊಫೆಸರ್ ಕೈಕೆಳಗೆ, ಅಕ್ರಿಡಿನ್ ಬಣ್ಣ ಹಾಕಿದ ನೀರಲ್ಲಿ ಪ್ಯಾರಮೀಸಿಯಂ ಅನ್ನೋ ಒಂದೇ ಕೋಶದ ಜೀವಿ ಎಷ್ಟು ಹೊತ್ತು ಬದುಕುತ್ತೆ ಅಂತ ನೋಡ್ತಿದ್ದ. ಒಂದಿನ ಬೇಗ ಸಾಯ್ತಿತ್ತು, ಇನ್ನೊಂದಿನ ಸಾಯ್ತಾನೇ ಇರ್ಲಿಲ್ಲ. ಗುಡುಗು ಮಳೆ ಬಂದು ಮಬ್ಬು ಕವಿದಿದ್ದ ದಿನ ಅವು ಬದುಕಿದ್ವು ಅಂತ ಕಥೆ ಹೇಳ್ತಾರೆ. ವಿಷ ಬಣ್ಣ ಒಂದ್ರಲ್ಲೇ ಇರ್ಲಿಲ್ಲ, ಬಣ್ಣಕ್ಕೆ ಬೆಳಕು ಸೇರ್ದಾಗ ಇತ್ತು. ಇದು ಅಚ್ಚಾಗಿದ್ದು 1900ರಲ್ಲಿ. ಪುಣ್ಯಕ್ಕೆ ಅವನು ಆಗುಂಬೇಲಿ ಇರ್ಲಿಲ್ಲ, ಇದ್ದಿದ್ರೆ ಜೂನಿಂದ ಸೆಪ್ಟೆಂಬರ್ ತನಕ ಒಂದು ಪ್ಯಾರಮೀಸಿಯಮ್ಮೂ ಸಾಯ್ತಿರ್ಲಿಲ್ಲ, ಬಣ್ಣ ಸೌಮ್ಯದ್ದು ಅಂತ ಬರ್ದು ಮನೆಗೆ ಹೋಗ್ತಿದ್ದ.

ಕೆಲ್ಸ ಮಾಡೋ ರೀತಿ ಇಷ್ಟೇ. ಬೆಳಕು ಹೀರೋ ಒಂದು ಔಷಧಿ, ಫೋಟೋಸೆನ್ಸಿಟೈಸರ್ ಅಂತಾರೆ, ಅದನ್ನ ರಕ್ತಕ್ಕೆ ಕೊಡ್ತಾರೆ ಇಲ್ಲಾ ಮೇಲೆ ಹಚ್ತಾರೆ. ಅದು ಸುಮ್ನೆ ಇರುತ್ತೆ. ಸರಿಯಾದ ಬಣ್ಣದ ಬೆಳಕು ಬಿದ್ದಾಗ ಆ ಶಕ್ತಿನ ಪಕ್ಕದಲ್ಲಿರೋ ಆಕ್ಸಿಜನ್‌ಗೆ ದಾಟ್ಸುತ್ತೆ, ಅದು ಸಿಂಗ್ಲೆಟ್ ಆಕ್ಸಿಜನ್ ಅನ್ನೋ ಕೆರಳಿದ ರೂಪಕ್ಕೆ ಹೋಗಿ ಸಿಕ್ಕಿದ್ದನ್ನೆಲ್ಲಾ ಸುಡುತ್ತೆ. ಅದ್ರ ಆಯಸ್ಸು ಎಷ್ಟು ಕಡ್ಮೆ ಅಂದ್ರೆ ಹುಟ್ಟಿದ ಜಾಗದಿಂದ ಒಂದು ಕೂದಲಿನ ದಪ್ಪದ ನೂರನೇ ಒಂದು ಭಾಗದಷ್ಟೂ ದೂರ ಹೋಗಲ್ಲ, ಅದೇ ಇದರ ಚೆಂದ, ಬೆಳಕು ಬಿದ್ದಲ್ಲಿ ಬಿಟ್ರೆ ಬೇರೆ ಕಡೆ ಹಾನಿ ಇಲ್ಲ. ಔಷಧಿ, ಬೆಳಕು, ಆಕ್ಸಿಜನ್, ಮೂರರಲ್ಲಿ ಒಂದು ಇಲ್ಲ ಅಂದ್ರೂ ಸೊನ್ನೆ. ಫೋಟೋಫ್ರಿನ್ ಅನ್ನೋ ಇಂಥ ಔಷಧಿ ಕೆನಡಾದಲ್ಲಿ 1993ರಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೆ, ಅಮೆರಿಕದಲ್ಲಿ 1995ರಲ್ಲಿ ಅನ್ನನಾಳದ ಕ್ಯಾನ್ಸರ್‌ಗೆ ಒಪ್ಪಿಗೆ ತಗೊಂಡಿದೆ. ಟೆಮೊಪೊರ್ಫಿನ್ ಅನ್ನೋದಕ್ಕೆ ಯುರೋಪಿನಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ತು, ಅದು ತಲೆ-ಕುತ್ತಿಗೆ ಕ್ಯಾನ್ಸರ್‌ಗೇ. ಮಾವನ ಮಗಳು ಇಷ್ಟು ಓದಿ ಕುಣಿದಾಡಿದ್ಲು, "ನೋಡಿ ನಮ್ದೇ ಕಾಯಿಲೆ!" ಆದ್ರೆ ಒಪ್ಪಿಗೆ ಪತ್ರದ ಪೂರ್ತಿ ವಾಕ್ಯ ಓದ್ಬೇಕು: ಬೇರೆ ಚಿಕಿತ್ಸೆಗಳು ಸೋತು, ಆಪರೇಷನ್ನು, ರೇಡಿಯೇಷನ್ನು, ಕೀಮೋ ಯಾವ್ದಕ್ಕೂ ಆಗದೇ ಇರೋ ಸ್ಥಿತೀಲಿ, ನೋವು ನರಳಾಟ ತಗ್ಗಿಸೋಕೆ. ಮೊದಲನೇ ಬಾಗಿಲಲ್ಲ, ಕೊನೇ ಬಾಗಿಲು.

ಇನ್ನು ಚಿನ್ನ. ಅದೂ ಇದೆ. ಅಮೆರಿಕದ ರೈಸ್ ಯೂನಿವರ್ಸಿಟಿಯ ನವೋಮಿ ಹಾಲಸ್ ಮತ್ತು ಜೆನ್ನಿಫರ್ ವೆಸ್ಟ್ ಅನ್ನೋರು ಸಿಲಿಕಾ ಗುಂಡಿನ ಮೇಲೆ ತೆಳ್ಳಗೆ ಚಿನ್ನದ ಪದರ ಕಟ್ಟಿ ಸುಮಾರು 150 ನ್ಯಾನೋಮೀಟರ್ ಕಣ ಮಾಡಿದ್ರು, ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಪದರದ ದಪ್ಪ ಬದಲಾಯಿಸ್ತಾ ಹೋದ್ರೆ ಅದು ಹೀರೋ ಬೆಳಕಿನ ಬಣ್ಣನೂ ಬದಲಾಗುತ್ತೆ, ಹಂಗೆ ಟ್ಯೂನ್ ಮಾಡಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ಗೆ ತಂದಿಟ್ರು, ಆ ಬೆಳಕು ಬಿದ್ರೆ ಕಣ ಬಿಸಿ ಆಗಿ ಸುತ್ತಲಿನ ಗಡ್ಡೆ ಬೇಯುತ್ತೆ. ಇದಕ್ಕೆ ಆಕ್ಸಿಜನ್ ಬೇಕಿಲ್ಲ, ಬರೀ ಶಾಖ. 2019ರಲ್ಲಿ ಇದ್ರ ಮನುಷ್ಯರ ಮೇಲಿನ ಪ್ರಯೋಗ ಪ್ರಕಟ ಆಯ್ತು, 16 ಜನ ಗಂಡಸರು, ಪ್ರಾಸ್ಟೇಟ್ ಒಳಗಿನ ಸಣ್ಣ ಗಡ್ಡೆಗಳು. ವಿಡಿಯೋದಲ್ಲಿ ಹೊರಗಿಂದ ಟಾರ್ಚ್ ತರ ಬೆಳಕು ಬಿಟ್ಟಿದ್ದು ತೋರ್ಸಿದ್ರಲ್ಲ, ನಿಜವಾದ ಪ್ರಯೋಗದಲ್ಲಿ ಲೇಸರ್ ಫೈಬರ್‌ನ ಸೂಜಿ ದಾರೀಲಿ ಗಡ್ಡೆ ಒಳಗೇ ತೂರ್ಸಿದ್ರು. ಹೊರಗಿಂದ ಬಿಟ್ರೆ ತಲುಪಲ್ಲ ಅಂತಲೇ ಅಲ್ವಾ ತೂರ್ಸಿದ್ದು? ಆ ಪ್ರಶ್ನೆ ಆವಾಗ ನನ್ನ ತಲೆಗೂ ಬರ್ಲಿಲ್ಲ, ಒಪ್ಕೋತೀನಿ.

ಗ್ರೂಪಲ್ಲಿ ಒಬ್ರು ದೊಡ್ಡಪ್ಪ "ಇದೆಲ್ಲಾ ನಮ್ಮ ಸ್ವರ್ಣಭಸ್ಮನೇ, ಬಿಳಿಯರು ಈಗ ಕಂಡಿದಾರೆ" ಅಂತ ಹಾಕಿ ಇಪ್ಪತ್ತು ಹೆಬ್ಬೆರಳು ತಗೊಂಡ್ರು. ಭಸ್ಮದಲ್ಲಿ ನ್ಯಾನೋ ಗಾತ್ರದ ಚಿನ್ನದ ಕಣ ಇರೋದು ಅಳೆದು ನೋಡಿದೋರಿದಾರೆ, ಅದು ಹೌದು. ಆದ್ರೆ ಸಿಲಿಕಾ ಮೇಲೆ ಇಷ್ಟೇ ದಪ್ಪ ಅಂತ ಲೆಕ್ಕ ಹಾಕಿ ಕಟ್ಟಿದ ಚಿನ್ನಕ್ಕೂ, ಪುಟ ಹಾಕಿ ತೆಗ್ದ ಚಿನ್ನಕ್ಕೂ, ತಂಬೂರಿ ತಂತಿಗೂ ಬೇಲಿ ತಂತಿಗೂ ಇರೋಷ್ಟು ವ್ಯತ್ಯಾಸ ಇದೆ, ಎರಡೂ ಲೋಹನೇ, ಶ್ರುತಿ ಮಾಡಿದ್ದು ಒಂದೇ.

ಇನ್ನೊಂದು ಅಳತೆ, ವಿಡಿಯೋದವ್ರು ನುಂಗಿಹಾಕಿದ್ದು. ಕಣಗಳು ಗಡ್ಡೆಗೆ ಹೋಗಿ ಸೇರ್ತವೆ ಅಂತಾರಲ್ಲ, ಎಷ್ಟು ಸೇರ್ತವೆ? ಗಡ್ಡೆಯ ರಕ್ತನಾಳ ಅವಸರದಲ್ಲಿ ಕಟ್ಟಿದ್ದು, ಸೋರುತ್ತೆ, ಅಲ್ಲಿ ದೊಡ್ಡ ಕಣ ನುಸುಳಿ ಉಳ್ಕೊಳ್ಳುತ್ತೆ ಅಂತ ಜಪಾನಿನ ಮತ್ಸುಮುರ ಮತ್ತು ಮಯೆದ 1986ರಲ್ಲಿ ತೋರ್ಸಿದ್ರು, ಇಡೀ ನ್ಯಾನೋ ಔಷಧಿ ವಿಚಾರ ಅದ್ರ ಮೇಲೇ ನಿಂತಿದ್ದು. 2016ರಲ್ಲಿ ಟೊರಾಂಟೊದ ವಾರೆನ್ ಚಾನ್ ತಂಡ ಹಿಂದಿನ ಹತ್ತು ವರ್ಷದ ಪ್ರಾಣಿ ಪ್ರಯೋಗಗಳ ಲೆಕ್ಕ ಒಟ್ಟು ಹಾಕಿ ನೋಡಿದ್ರೆ, ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪಿದ್ದು ಮಧ್ಯಮ ಲೆಕ್ಕಕ್ಕೆ 0.7 ಶೇಕಡ. ನೂರಕ್ಕೆ ಒಂದೂ ಇಲ್ಲ. ಬಹಳಷ್ಟು ಲಿವರ್ರು, ಗುಲ್ಮದ ಪಾಲು. ಮಾವಂಗೆ ಇದನ್ನ ಹೇಳ್ದಾಗ ಅವ್ರಿಗೆ ಟಕ್ ಅಂತ ಅರ್ಥ ಆಯ್ತು, ನನಗಿಂತ ಚೆನ್ನಾಗಿ. "ಅಡಿಕೆ ಕೊನೆಗೆ ಔಷಧಿ ಹೊಡ್ದಂಗೆ" ಅಂದ್ರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೀತೀವಲ್ಲ, ಮೈಲುತುತ್ತ ಸುಣ್ಣ ಕಲ್ಸಿ ಡ್ರಮ್ಮುಗಟ್ಲೆ, ಬೇಕಾಗಿರೋದು ಕೊನೆ ಮೇಲೆ ಕೂರೋ ಒಂದು ತೆಳು ಪದರ, ಉಳಿದಿದ್ದೆಲ್ಲಾ ಸೋಗೆ ಮೇಲೆ, ಮರದ ಮೇಲೆ, ಕೆಳಗೆ ನಿಂತೋನ ತಲೆ ಮೇಲೆ. ಆದ್ರೂ ಹೊಡೀತೀವಿ, ಯಾಕಂದ್ರೆ ಕೆಲ್ಸ ಮಾಡುತ್ತೆ. ನ್ಯಾನೋ ಔಷಧಿನೂ ಹಂಗೇ, 1995ರಿಂದ ಡಾಕ್ಸಿಲ್, 2005ರಿಂದ ಅಬ್ರಾಕ್ಸೇನ್ ಅನ್ನೋ ನ್ಯಾನೋ ಕೀಮೋ ಔಷಧಿಗಳು ಆಸ್ಪತ್ರೇಲಿ ಇದಾವೆ, ಎರಡನೇ ತರದ್ದು, ಅಂದ್ರೆ ಅಲ್ಬುಮಿನ್ ಪ್ರೋಟೀನಿಗೆ ಕಟ್ಟಿದ ಪ್ಯಾಕ್ಲಿಟ್ಯಾಕ್ಸೆಲ್, ನಮ್ಮ ದೇಶದಲ್ಲೂ ಕೊಡ್ತಾರೆ, ಬೆಳಕು ಇಲ್ದೆ, ಸಾಮಾನ್ಯ ಕೀಮೋ ತರ. ವಿಡಿಯೋದಲ್ಲಿರೋ ಹಂಗೆ ಗುರಿ ಇಟ್ಟ ಬಾಣ ಅಲ್ಲ ಅಷ್ಟೇ.

ಇಷ್ಟು ಓದಿ ನಾನು ಏನು ಮಾಡ್ಬೇಕಿತ್ತು? ನೇರ ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕಿತ್ತು. ಮಾಡಿದ್ದು ಏನು ಅಂದ್ರೆ ಆ ವಿಡಿಯೋದ ನಂಬರಿಗೆ ಫೋನು. ಮಾವಂಗೆ ಆಪರೇಷನ್ ಅಂದ್ರೆ ಸಾವಿಗಿಂತ ಜಾಸ್ತಿ ಭಯ, ಅವ್ರಿಗೆ ಗೊತ್ತಿರೋ ಒಬ್ರಿಗೆ ಹದಿನೈದು ವರ್ಷದ ಹಿಂದೆ ದವಡೆ ತೆಗೆದಿದ್ರು, ಆಮೇಲೆ ಅವ್ರು ಮದ್ವೆಗೂ ಬರ್ಲಿಲ್ಲ ಸಂತೆಗೂ ಬರ್ಲಿಲ್ಲ. "ಮುಖ ಹೋದ್ಮೇಲೆ ತೋಟ ಇಟ್ಕೊಂಡು ಎಂತ ಮಾಡದು" ಅಂತ ಒಂದೇ ಹಟ. ಹಂಗಾಗಿ ಒಂದು ದೊಡ್ಡ ಊರಿನ ಕ್ಲಿನಿಕ್, ಹೆಸ್ರು ಬೇಡ, ಎರಡು ಸಲ ಹೋಗಿ ಬಂದ್ವಿ. ಮಾರ್ಬಲ್ ನೆಲ, ಎಸಿ, ಕಾಫಿ. ಒಳಗಿದ್ದೋರು ಬಾಯಿ ನೋಡಿದ್ದು ಅರ್ಧ ನಿಮಿಷ. ಎಂಆರ್‌ಐ ಕೇಳ್ಲಿಲ್ಲ, ಕುತ್ತಿಗೆ ಮುಟ್ಟಿ ನೋಡ್ಲಿಲ್ಲ. ನಾಲ್ಕು ಸಿಟ್ಟಿಂಗ್, ನಾಲ್ಕು ಲಕ್ಷ ಎಂಬತ್ತು ಸಾವಿರ, ಅರ್ಧ ಅಡ್ವಾನ್ಸ್. ಕಾಗದದಲ್ಲಿ "ಟ್ರಯಲ್ ಪ್ರೋಟೋಕಾಲ್" ಅಂತ ಇತ್ತು. ಅದೊಂದು ಪದ ನನ್ನನ್ನ ಎಚ್ಚರ ಮಾಡಿದ್ದು. ನಮ್ಮ ದೇಶದಲ್ಲಿ ಕ್ಲಿನಿಕಲ್ ಟ್ರಯಲ್‌ಗೆ ಸಿಟಿಆರ್‌ಐ ಅಂತ ಸರ್ಕಾರಿ ನೋಂದಣಿ ಪಟ್ಟಿ ಇದೆ, 2007ರಲ್ಲಿ ಶುರುವಾಗಿದ್ದು, 2009ರಿಂದ ಕಡ್ಡಾಯ, ಯಾರು ಬೇಕಾದ್ರೂ ಹುಡುಕಿ ನೋಡಬೋದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, ಅದ್ರ 2017ರ ಮಾರ್ಗಸೂಚಿ ಪ್ರಕಾರ ಸಂಶೋಧನೆಗೋಸ್ಕರ ಆಗೋ ಖರ್ಚನ್ನ ರೋಗಿ ಹತ್ರ ವಸೂಲಿ ಮಾಡೋ ಹಂಗಿಲ್ಲ. ನೋಂದಣಿ ನಂಬರ್ ಕೊಡಿ ಅಂದೆ. "ಅದು ಪ್ರೋಸೆಸ್‌ನಲ್ಲಿದೆ ಸಾರ್". ಔಷಧಿ ಹೆಸ್ರು? "ನ್ಯಾನೋ ಗೋಲ್ಡ್". ಬೆಳಕಿನ ಬಣ್ಣನ ಅದ್ರ ಅಲೆಯ ಉದ್ದದಲ್ಲಿ ಹೇಳ್ತಾರೆ, ಅದಕ್ಕೆ ಎಷ್ಟು ನ್ಯಾನೋಮೀಟರ್ ಬೆಳಕು ಅಂದೆ. ಆ ಹುಡುಗಿ ಒಳಗೆ ಹೋಗಿ ಕೇಳ್ಕೊಂಡು ಬಂದು "ಕೆಂಪು" ಅಂದ್ಲು.

ಅವತ್ತು ಕಾರಲ್ಲಿ ವಾಪಸ್ ಬರ್ತಾ ಯಾರೂ ಮಾತಾಡ್ಲಿಲ್ಲ. ಅತ್ತೆ ಮಾತ್ರ, "ಅಡ್ವಾನ್ಸ್ ಕೊಡದೇ ಬಂದಿದ್ದು ಒಳ್ಳೇದಾಯ್ತು, ಅಲ್ವನಾ?" ಅಂತ ಎರಡು ಸಲ ಕೇಳಿದ್ರು.

ಮಾರನೇ ವಾರ ಆಗುಂಬೆ ಘಾಟಿ ಇಳಿದು ಮಣಿಪಾಲದ ಕಡೆ ಹೋದ್ವಿ. ಅಲ್ಲಿ ನೋಡಿದ ಡಾಕ್ಟರ್ ಹೆಂಗಸು, ನಲವತ್ತರ ಆಸುಪಾಸು, ಕನ್ನಡ ಸ್ವಲ್ಪ ತುಳು ಬೆರ್ಸಿ ಮಾತಾಡೋರು. ಮೊದ್ಲು ಕುತ್ತಿಗೆ ಮುಟ್ಟಿ ನೋಡಿದ್ರು, ಆಮೇಲೆ ಬಾಯಿ. ಎಂಆರ್‌ಐ ಆಯ್ತು. ಗಡ್ಡೆ ಈಗ 2.8 ಸೆಂಟಿಮೀಟರ್ ಅಗಲ, ಆಳ 9 ಮಿಲಿಮೀಟರ್, ಕೆನ್ನೆಯ ಸ್ನಾಯು ತನಕ ಇಳ್ದಿದೆ, ದವಡೆ ಮೂಳೆ ಬಿಟ್ಟಿದೆ, ಹೊರಗಿನ ಚರ್ಮ ಬಿಟ್ಟಿದೆ. ಎಡಗಡೆ ದವಡೆ ಕೆಳಗೆ ಒಂದು ಗಂಟು, ಒಂದೂವರೆ ಸೆಂಟಿಮೀಟರ್, ಸೂಜಿ ಹಾಕಿ ನೋಡಿದ್ರೆ ಅದ್ರಲ್ಲೂ ಇದೆ. ಗಡ್ಡೆ ಲೆಕ್ಕಕ್ಕೆ ಟಿ2, ಗಂಟಿನ ಲೆಕ್ಕಕ್ಕೆ ಎನ್1, ಸೇರ್ಸಿದ್ರೆ ಮೂರನೇ ಸ್ಟೇಜು. ಜನವರೀಲಿ ಕೈಗೆ ಸಿಗದೇ ಇದ್ದ ಗಂಟು ಅದು. ಆವಾಗ್ಲೇ ಇತ್ತಾ, ಏಳು ವಾರದಲ್ಲಿ ಬಂತಾ, ಅಂತ ನಾನು ಡಾಕ್ಟರನ್ನ ಕೇಳ್ಲಿಲ್ಲ. ಕೇಳೋ ಧೈರ್ಯ ಬರ್ಲಿಲ್ಲ.

ಮಾವ ಮಾತ್ರ ಬಿಡ್ಲಿಲ್ಲ. ಮೊಬೈಲ್ ತೆಗ್ದು ಆ ವಿಡಿಯೋ ತೋರ್ಸೇ ಬಿಟ್ರು. ನಾನು ನಾಚಿಕೆಯಿಂದ ಕಿಟಕಿ ಕಡೆ ನೋಡ್ತಾ ಕೂತೆ, ಆದ್ರೆ ಆಯಮ್ಮ ಬಯ್ಯಲಿಲ್ಲ, ಪೂರ್ತಿ ನೋಡಿದ್ರು, "ಚೆನ್ನಾಗಿ ಮಾಡಿದಾರೆ" ಅಂದ್ರು. ಆಮೇಲೆ ಬಾಯಿ ನೋಡೋ ಪುಟ್ಟ ಟಾರ್ಚ್ ಮಾವನ ಕೈಗೆ ಕೊಟ್ಟು, ರೂಮಿನ ಲೈಟ್ ಆರ್ಸಿ, "ಬೆರಳಿಗೆ ಹಿಡೀರಿ" ಅಂದ್ರು. ಬೆರಳ ತುದಿ ಕೆಂಪಗೆ ಹೊಳೀತು. "ಈಗ ಅಂಗೈಗೆ." ಅಂಚು ಸ್ವಲ್ಪ ಕೆಂಪು, ನಡುಮಧ್ಯೆ ಕತ್ಲೆ. "ಈಗ ತೊಡೆಗೆ." ಏನೂ ಇಲ್ಲ. "ಯಾಕೆ ಕೆಂಪೇ ದಾಟೋದು ಗೊತ್ತಾ, ನಿಮ್ಮ ರಕ್ತ ಹಸಿರು ನೀಲಿ ಎಲ್ಲಾ ಕುಡ್ದುಬಿಡುತ್ತೆ, ಕೆಂಪನ್ನ ಸ್ವಲ್ಪ ಬಿಡುತ್ತೆ. ಅದಕ್ಕೇ ಈ ಔಷಧಿಗಳೆಲ್ಲಾ 630, 650 ನ್ಯಾನೋಮೀಟರ್, ಅಲ್ಲಿಂದ ಮೇಲೆ. ಆದ್ರೂ ಕೆಲ್ಸ ಮಾಡೋವಷ್ಟು ಬೆಳಕು ಇಳಿಯೋದು ಐದು ಮಿಲಿಮೀಟರ್ ಆಸುಪಾಸು, ತುಂಬಾ ಒಳ್ಳೇ ಔಷಧಿ ಆದ್ರೆ ಒಂದು ಸೆಂಟಿಮೀಟರ್."

ಮಾವನ ಮಗಳು ತಕ್ಷಣ, "ನಮ್ದು ಒಂಬತ್ತೇ ಮಿಲಿಮೀಟರ್ ಅಲ್ವಾ ಮೇಡಂ, ಒಳಗೇ ಬಂತಲ್ಲ!"

ನನಗೂ ಅದೇ ಅನ್ಸಿತ್ತು. ಡಾಕ್ಟರ್ ಒಂದು ಬಿಳಿ ಹಾಳೆ ತಗೊಂಡು ಗಡ್ಡೆ ಬರ್ದು ಅದ್ರ ಸುತ್ತ ಇನ್ನೊಂದು ಗೆರೆ ಎಳೆದ್ರು. "ನಾನು ಕತ್ತರ್ಸೋವಾಗ ಒಂಬತ್ತಕ್ಕೆ ನಿಲ್ಸಲ್ಲ. ಕಣ್ಣಿಗೆ ಕಂಡಿದ್ದರ ಆಚೆ ಸುಮಾರು ಒಂದು ಸೆಂಟಿಮೀಟರ್ ಒಳ್ಳೇ ಮಾಂಸ ಸೇರ್ಸಿ ತೆಗೀತೀನಿ, ಯಾಕಂದ್ರೆ ಬೇರು ಎಲ್ಲಿ ತನಕ ಹೋಗಿದೆ ಎಂಆರ್‌ಐಗೂ ಪೂರ್ತಿ ಕಾಣಲ್ಲ. ತೆಗೆದಿದ್ದನ್ನ ಪ್ಯಾಥಾಲಜಿಯವ್ರು ಅಂಚು ಅಂಚು ನೋಡಿ ಕ್ಲಿಯರ್ ಇದೆಯಾ ಹೇಳ್ತಾರೆ. ಬೆಳಕಲ್ಲಿ ಸುಟ್ರೆ ನೋಡಕ್ಕೆ ಏನೂ ಉಳಿಯಲ್ಲ. ಗಡ್ಡೆ ನಡುವಲ್ಲಿ ಆಕ್ಸಿಜನ್ನೂ ಕಡ್ಮೆ ಇರುತ್ತೆ, ಅಲ್ಲಿ ಬೆಳಕು ಹೋದ್ರೂ ಬೆಂಕಿ ಹತ್ತಲ್ಲ. ಇನ್ನು ಇವ್ರ ಬಾಯಿ ಎರಡು ಬೆರಳು ತೆಗೆಯಲ್ಲ, ಬೆಳಕು ಎಲ್ಲಾ ಕಡೆ ಸಮ ಬೀಳೋ ಹಂಗೆ ಹಿಡಿಯೋದು ಹೆಂಗೆ? ಅದೆಲ್ಲಾ ಬಿಡಿ, ಕುತ್ತಿಗೆ ಗಂಟಿಗೆ ಏನ್ ಮಾಡ್ತೀರಿ?"

ಯಾರ ಹತ್ರನೂ ಉತ್ರ ಇರ್ಲಿಲ್ಲ. ಎರಡು ತಿಂಗ್ಳಿಂದ ನಾವು ಎಲ್ಲಾ ಕೇಳಿದ್ವಿ, ಎಷ್ಟು ಖರ್ಚು, ಎಷ್ಟು ದಿನ, ನೋವಾಗುತ್ತಾ, ಕೂದ್ಲು ಹೋಗುತ್ತಾ, ಎಷ್ಟು ಆಳ ಅಂತ ಒಬ್ರೂ ಕೇಳಿರ್ಲಿಲ್ಲ. ವಿಡಿಯೋದಲ್ಲಿದ್ದ ಗಡ್ಡೆಗೆ ಆಳನೇ ಇರ್ಲಿಲ್ಲ, ಅದು ಪರದೆ ಮೇಲಿನ ಚಿತ್ರ.

ಕುತ್ತಿಗೆ ಬಗ್ಗೆ ಡಾಕ್ಟರ್ ಒಂದು ಲೆಕ್ಕ ಹೇಳಿದ್ರು, ನಾನು ಆಮೇಲೆ ಹುಡುಕಿ ಓದಿದೆ. ಮುಂಬೈ ಟಾಟಾ ಮೆಮೋರಿಯಲ್‌ನವ್ರ ಅಧ್ಯಯನ, 2015ರಲ್ಲಿ ಪ್ರಕಟ ಆಗಿದ್ದು. ಕುತ್ತಿಗೇಲಿ ಗಂಟೇ ಸಿಗದ ಆರಂಭದ ಬಾಯಿ ಕ್ಯಾನ್ಸರ್‌ನಲ್ಲೂ, ಮೊದಲ ಆಪರೇಷನ್ ಜೊತೆಗೇ ಕುತ್ತಿಗೆ ಗ್ರಂಥಿ ತೆಗೆದೋರಲ್ಲಿ ಮೂರು ವರ್ಷಕ್ಕೆ ನೂರಕ್ಕೆ 80 ಜನ ಬದುಕಿದ್ರು, ಗಂಟು ಬಂದ್ಮೇಲೆ ತೆಗೆಯಣ ಅಂತ ಕಾದೋರಲ್ಲಿ 67.5. ಗಂಟು ಇಲ್ದೋರಿಗೇ ಇಷ್ಟು ವ್ಯತ್ಯಾಸ, ಮಾವಂಗೆ ಗಂಟು ಬಂದೇ ಬಿಟ್ಟಿತ್ತು.

ಜಪಾನಲ್ಲಿ ಕೊಡೋ ಇನ್ನೊಂದು ಬೆಳಕಿನ ಚಿಕಿತ್ಸೆ ಬಗ್ಗೆ ಡಾಕ್ಟರನ್ನ ಕೇಳಿದ್ದು ನಾನು, ಓದಿದ್ದನ್ನ ಉಪಯೋಗ ಮಾಡಣ ಅಂತ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಲ್ಲಿ ಹಿಸಾತಕ ಕೊಬಯಾಶಿ ಅನ್ನೋರು ಬೆಳೆಸಿದ್ದು, ಕ್ಯಾನ್ಸರ್ ಕೋಶದ ಮೇಲೆ ಜಾಸ್ತಿ ಇರೋ ಇಜಿಎಫ್‌ಆರ್ ಅನ್ನೋ ಪ್ರೋಟೀನಿಗೆ ಅಂಟೋ ಆಂಟಿಬಾಡಿ, ಅದ್ರ ಬೆನ್ನಿಗೆ ಬೆಳಕು ಹೀರೋ ಬಣ್ಣದ ಔಷಧಿ ಕಟ್ಟಿರ್ತಾರೆ, ರಕ್ತಕ್ಕೆ ಕೊಟ್ಟು ಸುಮಾರು ಒಂದು ದಿನ ಬಿಟ್ಟು 690 ನ್ಯಾನೋಮೀಟರ್ ಬೆಳಕು, ಕೋಶದ ಪೊರೆ ಒಡ್ದು ಸಾಯುತ್ತೆ. ಜಪಾನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಅಕಾಲಕ್ಸ್ ಅಂತ ಒಪ್ಪಿಗೆ ಸಿಕ್ತು. ಗುರಿ ಇಡೋದ್ರಲ್ಲಿ ಇದು ಚಿನ್ನಕ್ಕಿಂತ ಚುರುಕು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಸೋರೋ ರಕ್ತನಾಳನ ನಂಬ್ಕೊಂಡು ಕೂತಿಲ್ಲ, ಅಂಟೋ ಕೈ ಇದೆ. ಡಾಕ್ಟರಿಗೆ ಗೊತ್ತಿತ್ತು. "ಹೌದು, ಒಳ್ಳೇ ಕೆಲ್ಸ. ಯಾರಿಗೆ ಒಪ್ಪಿಗೆ ನೋಡಿದ್ರಾ? ತೆಗೆಯಕ್ಕಾಗದೇ ಇರೋ ಗಡ್ಡೆ, ಇಲ್ಲಾ ಮತ್ತೆ ಬಂದಿರೋದು. ನಿಮ್ಮ ಮಾವಂದು ತೆಗೆಯಕ್ಕಾಗೋದು. ತೆಗೆಯಕ್ಕಾಗೋದನ್ನ ಬಿಟ್ಟು ಅದಕ್ಕೆ ಯಾಕೆ ಆಸೆ ಪಡ್ತೀರಿ?" ಇದು ನನಗೆ ಚೆನ್ನಾಗಿ ತಾಗ್ತು. ನಾವು ಯಾವ ಚಿಕಿತ್ಸೆಗೆ ಜೊಲ್ಲು ಸುರ್ಸ್ತಿದ್ವೋ ಅದನ್ನ ತಗೊಳ್ಳೋ ಅರ್ಹತೆ ಬರ್ಬೇಕಂದ್ರೆ ಮಾವ ಇನ್ನೂ ಹದಗೆಡ್ಬೇಕಿತ್ತು.

ಹೊರಡೋ ಮುಂಚೆ ಅತ್ತೆ ಕೇಳಿದ್ದು, "ಬೆಳಕಿನ ಔಷಧಿಗೆ ಸೈಡ್ ಎಫೆಕ್ಟ್ ಇಲ್ವಂತಲ್ಲ?" ಇದೆ. ಫೋಟೋಫ್ರಿನ್ ತಗೊಂಡೋರು ಕಮ್ಮಿ ಅಂದ್ರೆ 30 ದಿನ ಬಿಸ್ಲಿಗೆ ಹೋಗಂಗಿಲ್ಲ, ಚರ್ಮ ಸುಟ್ಟೋಗುತ್ತೆ, ಸನ್‌ಸ್ಕ್ರೀನ್ ಹಚ್ಚಿದ್ರೂ ಉಪಯೋಗ ಇಲ್ಲ ಯಾಕಂದ್ರೆ ಸುಡೋದು ಕಣ್ಣಿಗೆ ಕಾಣೋ ಬೆಳಕು. ಹಂಗಂತ ಕತ್ಲೆ ಕೋಣೇಲೂ ಕೂರಂಗಿಲ್ಲ, ಮನೆಯೊಳಗಿನ ಸಾಧಾರಣ ಬೆಳಕಲ್ಲಿರ್ಬೇಕು, ಚರ್ಮದಲ್ಲಿ ಉಳ್ದ ಔಷಧಿ ಅದ್ರಿಂದ ನಿಧಾನಕ್ಕೆ ಬಣ್ಣಗೆಡುತ್ತೆ.

ಆಪರೇಷನ್ ಆಯ್ತು, ಎಂಟು ಗಂಟೆ. ಕೆನ್ನೆ ಒಳಗಿನ ಗಡ್ಡೆ ಅಗಲಕ್ಕೆ ತೆಗ್ದು, ಎಡಗಡೆ ಕುತ್ತಿಗೆ ಗ್ರಂಥಿ ತೆಗ್ದು, ಮುಂಗೈಯಿಂದ ಚರ್ಮ ರಕ್ತನಾಳ ಸಮೇತ ತಂದು ಕೆನ್ನೆ ಒಳಗೆ ಕೂರ್ಸಿದ್ರು. ದವಡೆ ಉಳೀತು. ಮುಖ, ಮಾವ ಹೆದರ್ಕೊಂಡಿದ್ದ ಮುಖ, ಎಡಗಡೆ ಕುತ್ತಿಗೆ ಮೇಲೊಂದು ಗೆರೆ, ಸ್ವಲ್ಪ ಊದಿದಂಗೆ, ಅಷ್ಟೇ. ಹತ್ತು ದಿನ ಮೂಗಿನ ನಳಿಗೇಲಿ ಗಂಜಿ. ಪ್ಯಾಥಾಲಜಿ ಬಂತು, ಅಂಚೆಲ್ಲಾ ಕ್ಲಿಯರ್, ಗ್ರಂಥಿಗಳಲ್ಲಿ ಒಂದ್ರಲ್ಲಿ ಮಾತ್ರ ಇತ್ತು, ಅದ್ರ ಪೊರೆ ಒಡ್ದಿರ್ಲಿಲ್ಲ. ಆಳ, ಸೂಕ್ಷ್ಮದರ್ಶಕದಲ್ಲಿ ಅಳೆದಿದ್ದು, 9 ಮಿಲಿಮೀಟರ್. ಎಂಆರ್‌ಐ ಹೇಳಿದ್ದೇ.

ಆಮೇಲೆ ರೇಡಿಯೇಷನ್ನು, ಆಪರೇಷನ್ ಆಗಿ ಆರು ವಾರದೊಳಗೆ ಶುರು ಆಗ್ಬೇಕು ಅಂತ ಗಡುವು, ಒಟ್ಟು 60 ಗ್ರೇ (ರೇಡಿಯೇಷನ್ ಅಳೆಯೋ ಮಾನ), 30 ಸಲ, ಆರು ವಾರ. ಅಲ್ಲೇ ರೂಮ್ ಮಾಡ್ಕೊಂಡಿದ್ರು. ಮೂರನೇ ವಾರದಿಂದ ಬಾಯೆಲ್ಲಾ ಹುಣ್ಣು, ರುಚಿ ಹೋಯ್ತು, ಮಜ್ಜಿಗೆ ಕೂಡ ಸುಣ್ಣದ ನೀರು ಕುಡ್ದಂಗೆ ಅಂದ್ರು. ಈ ರೇಡಿಯೇಷನ್ನಿನ ಎಕ್ಸ್‌ರೇಗೆ ಒಂದು ಅನುಕೂಲ ಇದೆ ನೋಡಿ, ಆಳದ ಹಂಗಿಲ್ಲ, ತೊಡೆನೂ ದಾಟುತ್ತೆ. ಅದನ್ನೇ ಹಿಡ್ಕೊಂಡು ಹಾಫ್ನಿಯಂ ಆಕ್ಸೈಡ್ ನ್ಯಾನೋ ಕಣನ ಗಡ್ಡೆಗೇ ಚುಚ್ಚಿ, ಬೆಳಕಿನ ಬದ್ಲು ಇದೇ ರೇಡಿಯೇಷನ್‌ನಿಂದ ಅದನ್ನ ಕೆರಳ್ಸೋ ದಾರಿನೂ ಇದೆ, ಯುರೋಪಲ್ಲಿ 2019ರಲ್ಲಿ ಒಂದು ಬಗೆ ಸಾರ್ಕೋಮಾಕ್ಕೆ (ಸ್ನಾಯು, ಕೊಬ್ಬಿನಂಥ ಮೆತ್ತನೆ ಭಾಗದ ಕ್ಯಾನ್ಸರ್) ಒಪ್ಪಿಗೆ ಸಿಕ್ಕಿದೆ, ತಲೆ-ಕುತ್ತಿಗೆ ಕ್ಯಾನ್ಸರ್ ಆದ ವಯಸ್ಸಾದೋರಲ್ಲಿ ದೊಡ್ಡ ಟ್ರಯಲ್ ಶುರುವಾಗಿದೆ. ನಾನು ಕೆಮಿಸ್ಟ್ರಿಯೋನಾಗಿ ಇದ್ರ ಮೇಲೆ ಕಣ್ಣಿಟ್ಟಿದೀನಿ, ಮನೆ ಗ್ರೂಪಲ್ಲಿ ಮಾತ್ರ ಬಾಯಿ ಬಿಟ್ಟಿಲ್ಲ.

ಈಗ ಒಂದು ವರ್ಷ ದಾಟಿದೆ. ಮಾವ ದಿನಕ್ಕೆ ಮೂರು ಸಲ ಐಸ್‌ಕ್ರೀಮ್ ಕಡ್ಡಿ ಜೋಡ್ಸಿ ಹಲ್ಲಿನ ಮಧ್ಯೆ ಇಟ್ಕೊಂಡು ಬಾಯಿ ತೆಗೆಯೋ ವ್ಯಾಯಾಮ ಮಾಡ್ತಾರೆ, ಹನ್ನೊಂದು ಕಡ್ಡಿಯಿಂದ ಶುರು ಮಾಡಿ ಈಗ ಹದಿನೇಳು. ಕವಳ ಬಿಟ್ಟಿದಾರೆ. ಸಂಚಿ ಮಾತ್ರ ಬಿಟ್ಟಿಲ್ಲ, ಜಗಲಿಗೆ ಬಂದೋರಿಗೆ ಕೊಡ್ಬೇಕಲ್ಲ ಅಂತ ಪಕ್ಕದಲ್ಲೇ ಇರುತ್ತೆ, ಮಾತಾಡ್ತಾ ಮಾತಾಡ್ತಾ ಕೈ ತಾನಾಗೇ ಅದ್ರ ಮೇಲೆ ಹೋಗುತ್ತೆ, ಅತ್ತೆ ಕೆಮ್ಮಿದ್ರೆ ಕೈ ವಾಪಸ್ ಬರುತ್ತೆ.

ಹೋದ ತಿಂಗ್ಳ ಚೆಕಪ್ಪಲ್ಲಿ ಬಲಗೆನ್ನೆ ಒಳಗೆ ಒಂದು ಬಿಳಿ ಮಚ್ಚೆ ಕಾಣ್ಸಿದೆ, ಉಗುರಿನಷ್ಟು. ಬಯಾಪ್ಸಿ ಮಾಡಿದ್ರು, ಕ್ಯಾನ್ಸರಲ್ಲ, ಜೀವಕೋಶ ಸ್ವಲ್ಪ ಹದ ತಪ್ಪಿವೆ, ಮೇಲಿನ ಪದರದಲ್ಲೇ ಇದೆ, ಕೆಳಗೆ ಇಳ್ದಿಲ್ಲ. ಡಾಕ್ಟರ್ ಹಾಳೆ ಮೇಲೆ ಬರೀತಾ, ಇಂಥ ತೆಳು ಮಚ್ಚೆಗಳ ಮೇಲೆ ಎಎಲ್‌ಎ ಅನ್ನೋ ಔಷಧಿ ಹಚ್ಚಿ ಬೆಳಕು ಬಿಟ್ಟು ನೋಡಿರೋ ಅಧ್ಯಯನಗಳಿವೆ, ಆಳ ಒಂದು ಮಿಲಿಮೀಟರ್ರೂ ಇಲ್ವಲ್ಲ, ಬೆಳಕಿಗೆ ಹೇಳಿ ಮಾಡ್ಸಿದ ಜಾಗ, ಆದ್ರೆ ನಮ್ಮಲ್ಲಿ ಅದಿಲ್ಲ, ಸದ್ಯಕ್ಕೆ ಎರಡು ತಿಂಗ್ಳಿಗೊಂದ್ಸಲ ನೋಡಣ, ಬೆಳೆದ್ರೆ ತೆಗೆಯಣ ಅಂದ್ರು.

ಮಾವ ಎದ್ದು ನಿಂತು ಪಂಚೆ ಸರಿ ಮಾಡ್ಕೊಳ್ತಾ, "ಒಂಬತ್ತು ಇದ್ದಾಗ ಕೇಳ್ದೆ, ಆಳ ಜಾಸ್ತಿ ಅಂದ್ರಿ. ಈಗ ಒಂದೂ ಇಲ್ಲ, ಈಗ ಮಿಷನ್ ಇಲ್ಲ ಅಂತೀರಿ" ಅಂದ್ರು. ಡಾಕ್ಟರ್ ನಕ್ಕುಬಿಟ್ರು. ಮಾವ ನಗ್ಲಿಲ್ಲ, ನಗಕ್ಕೆ ಎಡಗಡೆ ಇನ್ನೂ ಸ್ವಲ್ಪ ಎಳೆಯುತ್ತೆ.